ಕೆರೆಯ ಆಹಾರ ಸರಪಣಿ ಮತ್ತು ಶಕ್ತಿಯ ಹರಿವು: ಬೆಂಗಳೂರಿನ ಹೊರವಲಯವನ್ನು ಕುರಿತ ಒಂದು ಜಾನಪದೀಯ ವಿವೇಚನೆ

ಸಕಲ ಜೀವಿಗಳೂ ಶಕ್ತಿಯನ್ನು ಅವಲಂಬಿಸಿವೆ. ಕೆಲವೇ ಅಪವಾದಗಳನ್ನು ಬಿಟ್ಟರೆ ಆ ಶಕ್ತಿಯ ಮೂಲ ಸೂರ್ಯನೇ ಆಗಿದ್ದಾನೆ. ಹಸಿರು ಸಸ್ಯ ಬಿಸಿಲನ್ನು ಹಿಡಿದು ಆಹಾರವಾಗಿ ಪರಿವರ್ತಿಸುತ್ತದೆ. ಆ ಆಹಾರ ಒಂದು ಜೀವಿಯಿಂದ ಮತ್ತೊಂದಕ್ಕೆ ಸಾಗುತ್ತದೆ. ಶಾಲೆಯ ಪಠ್ಯಗಳಿಂದ ಪರಿಚಿತವಾಗಿರುವ ಈ ತತ್ತ್ವವನ್ನು ಒಂದು ನಿರ್ದಿಷ್ಟ ಪ್ರದೇಶದ ಜನಜೀವನದೊಂದಿಗೆ ಇಟ್ಟು ನೋಡಿದಾಗ ಹೊಸ ಪ್ರಶ್ನೆಗಳು ಏಳುತ್ತವೆ. ಬೆಂಗಳೂರಿನ ಪೂರ್ವ ಮತ್ತು ಆಗ್ನೇಯ ಹೊರವಲಯದ ಕೆರೆಗಳಲ್ಲಿ, ಅದರಲ್ಲೂ ಬೆಳ್ಳಂದೂರು ಕೆರೆ ಮತ್ತು ಅದರ ಕೆಳಗಿನ ವರ್ತೂರು ಕೆರೆಗಳಲ್ಲಿ, ಶಕ್ತಿಯ ಹರಿವು ಹಿಂದೆ ಯಾವ ಬಗೆಯಲ್ಲಿತ್ತು, ಅದು ಹೇಗೆ ಮಾರ್ಪಟ್ಟಿತು, ಈ ಮಾರ್ಪಾಟನ್ನು ಅರ್ಥಮಾಡಿಕೊಳ್ಳಲು ಜನಪದರ ಕಥನ ಹಾಗೂ ಆಚರಣೆಗಳು ಎಷ್ಟರಮಟ್ಟಿಗೆ ನೆರವಾಗುತ್ತವೆ ಎಂಬುದನ್ನು ಪ್ರಸ್ತುತ ಲೇಖನ ಪರಿಶೀಲಿಸುತ್ತದೆ.

ಎರಡು ಸರಪಣಿಗಳು

ಜಾನಪದ ಅಧ್ಯಯನದಲ್ಲಿ ‘ಸರಪಣಿ ಕಥೆ’ ಎಂಬ ಒಂದು ಪ್ರಕಾರವಿದೆ. ಭಾರತದ ಹಲವು ಭಾಷೆಗಳಲ್ಲಿ ಪ್ರಚಲಿತವಾಗಿರುವ ಗುಬ್ಬಚ್ಚಿಯ ಕಾಳಿನ ಕಥೆ ಇದಕ್ಕೆ ಉತ್ತಮ ನಿದರ್ಶನ. ಗುಬ್ಬಚ್ಚಿಯ ಕಾಳು ಮರದ ಸೀಳಿನಲ್ಲಿ ಸಿಕ್ಕಿಕೊಳ್ಳುತ್ತದೆ. ಬಡಗಿ ಮರ ಸೀಳಲು ಒಪ್ಪುವುದಿಲ್ಲ. ರಾಜ ಬಡಗಿಯನ್ನು ದಂಡಿಸಲು ಒಪ್ಪುವುದಿಲ್ಲ. ಹೀಗೆ ಒಬ್ಬರಿಂದ ಒಬ್ಬರಿಗೆ ಮೊರೆ ಸಾಗಿ, ಕೊನೆಗೆ ಇರುವೆಯಂತಹ ಅತ್ಯಲ್ಪ ಜೀವಿಯೊಂದು ಒಪ್ಪಿದಾಗ ಇಡೀ ಸರಪಣಿ ಹಿಮ್ಮುಖವಾಗಿ ಚಲಿಸಿ ಕಾಳು ಗುಬ್ಬಚ್ಚಿಗೆ ದೊರೆಯುತ್ತದೆ. ಈ ಕಥೆಯಲ್ಲಿ ಎರಡು ಅಂಶಗಳು ಗಮನಾರ್ಹ. ಮೊದಲನೆಯದು, ಎಲ್ಲರನ್ನೂ ಚಲಿಸುವಂತೆ ಮಾಡುವುದು ಅತಿ ಚಿಕ್ಕ ಜೀವಿ. ಎರಡನೆಯದು, ಹೊರಟಲ್ಲಿಗೇ ಕಥೆ ಮರಳುತ್ತದೆ, ಕಳೆದದ್ದು ಹಾಗೆಯೇ ಕೈಸೇರುತ್ತದೆ.

ಜೀವಿಪರಿಸರ ವಿಜ್ಞಾನವೂ ‘ಆಹಾರ ಸರಪಣಿ’ ಎಂಬ ಪರಿಭಾಷೆಯನ್ನೇ ಬಳಸುತ್ತದೆ. ಬ್ರಿಟನ್ನಿನ ಪ್ರಾಣಿವಿಜ್ಞಾನಿ ಚಾರ್ಲ್ಸ್ ಎಲ್ಟನ್ 1927ರ ತನ್ನ ಗ್ರಂಥದಲ್ಲಿ ಈ ಪರಿಕಲ್ಪನೆಯನ್ನು ವ್ಯವಸ್ಥಿತವಾಗಿ ಮಂಡಿಸಿದನು. ಗುಬ್ಬಚ್ಚಿಯ ಕಥೆಯ ಮೊದಲ ಅಂಶ ಇಲ್ಲಿಯೂ ಸಲ್ಲುತ್ತದೆ: ಕೆರೆಯ ಹದ್ದು, ಕೊಕ್ಕರೆಗಳನ್ನು ಸಾಕುವುದು ಕಣ್ಣಿಗೆ ಕಾಣದ ಪಾಚಿ. ಎರಡನೆಯ ಅಂಶ ಮಾತ್ರ ಭಾಗಶಃ ಸಲ್ಲುತ್ತದೆ. ಸಾರಜನಕ, ರಂಜಕ ಮೊದಲಾದ ದ್ರವ್ಯಗಳು ಮಣ್ಣಿನಿಂದ ಜೀವಿಗೆ, ಜೀವಿಯಿಂದ ಮತ್ತೆ ಮಣ್ಣಿಗೆ ಸುತ್ತುತ್ತವೆ. ಶಕ್ತಿ ಸುತ್ತುವುದಿಲ್ಲ. ಅದು ಒಂದೇ ದಿಕ್ಕಿನಲ್ಲಿ ಹರಿದು, ಪ್ರತಿ ಹಂತದಲ್ಲಿಯೂ ಶಾಖವಾಗಿ ಹೊರಬಿದ್ದು, ಮರಳಿ ಬಾರದಂತೆ ಹೋಗುತ್ತದೆ. ದ್ರವ್ಯಕ್ಕೆ ಚಕ್ರವಿದೆ, ಶಕ್ತಿಗೆ ಹರಿವು ಮಾತ್ರ ಇದೆ. ಈ ಭೇದ ಸ್ಪಷ್ಟವಾಗದ ಹೊರತು ಬೆಳ್ಳಂದೂರಿನಲ್ಲಿ ನಡೆದುದು ಅರ್ಥವಾಗುವುದಿಲ್ಲ.

ಗ್ರಾಮೀಣರ ಮಾತಿನಲ್ಲಿ ‘ಕಸುವು’ ಎಂಬ ಪದ ವ್ಯಾಪಕವಾಗಿ ಬಳಕೆಯಲ್ಲಿದೆ. ನೆಲಕ್ಕೂ ಕಸುವುಂಟು, ಎತ್ತಿಗೂ ಕಸುವುಂಟು, ಉಂಡವನ ಮೈಗೂ ಕಸುವುಂಟು. ವಿಜ್ಞಾನ ದ್ರವ್ಯ ಮತ್ತು ಶಕ್ತಿ ಎಂದು ಬೇರ್ಪಡಿಸುವ ಎರಡನ್ನೂ ಈ ಒಂದು ಪದ ಒಳಗೊಳ್ಳುತ್ತದೆ. ಗೊಬ್ಬರ ಹಾಕಿದರೆ ನೆಲಕ್ಕೆ ಮರಳುವ ಕಸುವು ದ್ರವ್ಯ. ಉಳುವಾಗ ಎತ್ತಿನ ಮೈಯಿಂದ ಬೆವರಾಗಿ, ಬಿಸಿಯಾಗಿ ತೀರಿಹೋಗುವ ಕಸುವು ಶಕ್ತಿ.

ಶಕ್ತಿಯ ಲೆಕ್ಕ

ಶಕ್ತಿಯ ಹರಿವನ್ನು ಮೊದಲ ಬಾರಿಗೆ ಲೆಕ್ಕದ ಮೂಲಕ ವಿವರಿಸಿದ ಕೀರ್ತಿ ಅಮೆರಿಕದ ರೇಮಂಡ್ ಲಿಂಡೆಮನ್‌ನಿಗೆ ಸಲ್ಲುತ್ತದೆ. ಆತ ಮಿನೆಸೋಟ ರಾಜ್ಯದ ಸೀಡರ್ ಬಾಗ್ ಎಂಬ ಸಣ್ಣ ಸರೋವರವನ್ನು ಹಲವು ವರ್ಷ ಅಭ್ಯಸಿಸಿದನು. ಅವನ ಪ್ರಸಿದ್ಧ ಪ್ರಬಂಧ 1942ರಲ್ಲಿ, ಅವನು 26ನೆಯ ವಯಸ್ಸಿನಲ್ಲಿ ತೀರಿಕೊಂಡ ಬಳಿಕ ಪ್ರಕಟವಾಯಿತು. ಈ ಶಾಸ್ತ್ರದ ಒಂದು ತಳಹದಿ ನಿಂತ ನೀರಿನ ಅಧ್ಯಯನದಲ್ಲಿಯೇ ಇರುವುದರಿಂದ ನಮ್ಮ ಕೆರೆಗಳಿಗೆ ಅದನ್ನು ಅನ್ವಯಿಸುವುದು ಅಸಹಜವಲ್ಲ.

ಸಸ್ಯಗಳು ತಮ್ಮ ಮೇಲೆ ಬಿದ್ದ ಬಿಸಿಲಿನಲ್ಲಿ ಸಾಮಾನ್ಯವಾಗಿ ಶೇ. 1ರಷ್ಟನ್ನು ಅಥವಾ ಅದಕ್ಕಿಂತ ಕಡಿಮೆಯನ್ನು ಮಾತ್ರ ಆಹಾರವಾಗಿ ಕಟ್ಟಿಕೊಳ್ಳುತ್ತವೆ. ಅಲ್ಲಿಂದ ಮುಂದೆ ಒಂದು ಹಂತದಿಂದ ಮತ್ತೊಂದಕ್ಕೆ ದಾಟುವುದು ಸ್ಥೂಲವಾಗಿ ಹತ್ತರಲ್ಲಿ ಒಂದು ಪಾಲು. ಇದು ಸರಾಸರಿಯೇ ಹೊರತು ನಿಯಮವಲ್ಲ. ಉದಾಹರಣೆಗೆ, ಕೆರೆಯ ಮೇಲೆ 1,00,000 ಮಾನದಷ್ಟು ಬಿಸಿಲು ಬಿದ್ದಿತೆಂದು ಭಾವಿಸಿದರೆ, ಪಾಚಿ ಮತ್ತು ಜಲಸಸ್ಯಗಳಲ್ಲಿ ಉಳಿಯುವುದು 1,000. ಅವನ್ನು ತಿನ್ನುವ ಸೂಕ್ಷ್ಮಪ್ರಾಣಿಗಳಲ್ಲಿ 100. ಸಣ್ಣ ಮೀನುಗಳಲ್ಲಿ 10. ಆ ಮೀನುಗಳನ್ನು ನುಂಗುವ ಕೊರವ ಮೀನು ಅಥವಾ ನೀರುಕಾಗೆಯಲ್ಲಿ ಕೇವಲ 1. ಉಳಿದುದರಲ್ಲಿ ಹೆಚ್ಚಿನದು ಉಸಿರಾಟ, ಚಲನೆಗಳಲ್ಲಿ ಶಾಖವಾಗಿ ಹೋಗುತ್ತದೆ. ತಿನ್ನದೆ ಬಿಟ್ಟದ್ದು, ಜೀರ್ಣವಾಗದೆ ಹೊರಬಂದದ್ದು ಕೆಸರು ಸೇರಿ ಬ್ಯಾಕ್ಟೀರಿಯ, ಶಿಲೀಂಧ್ರ, ಹುಳುಗಳಿಗೆ ಆಹಾರವಾಗುತ್ತದೆ. ಸರಪಣಿ ನಾಲ್ಕೈದು ಕೊಂಡಿಗಳಿಗಿಂತ ಉದ್ದವಾಗದಿರುವುದಕ್ಕೆ ಮುಖ್ಯ ಕಾರಣ ಇದೇ. ಸಸ್ಯಾಹಾರಿ ಸ್ವಭಾವದ ರೋಹು, ನೀರಿನ ಸೂಕ್ಷ್ಮಪ್ರಾಣಿಗಳನ್ನು ಸೋಸಿ ತಿನ್ನುವ ಕಾಟ್ಲಾ ಮೀನುಗಳನ್ನು ಕೆರೆಗಳಲ್ಲಿ ಬಿಡುವುದಕ್ಕೂ ಇದೇ ಆಧಾರ: ಕೊಂಡಿಗಳು ಕಡಿಮೆಯಾದಷ್ಟೂ ಮನುಷ್ಯನ ತಟ್ಟೆಗೆ ಬರುವ ಪಾಲು ಹೆಚ್ಚು.

ಇಲ್ಲಿ ‘ಮತ್ಸ್ಯನ್ಯಾಯ’ವೆಂಬ ಪ್ರಾಚೀನ ಪರಿಭಾಷೆ ನೆನಪಿಗೆ ಬರುವುದು ಸಹಜ. ದೊಡ್ಡ ಮೀನು ಸಣ್ಣ ಮೀನನ್ನು ನುಂಗುವ ಈ ಉಪಮೆಯನ್ನು ಕೌಟಿಲ್ಯನ ಅರ್ಥಶಾಸ್ತ್ರ ಅರಾಜಕ ಸ್ಥಿತಿಯನ್ನು ಸೂಚಿಸಲು ಬಳಸುತ್ತದೆ. ನಿಸರ್ಗವೇ ಬಲಾಢ್ಯರ ಪರವಾಗಿದೆ ಎಂದು ವಾದಿಸಲು ಕೆಲವೊಮ್ಮೆ ಇದನ್ನು ಎಳೆದು ತರುವುದುಂಟು. ಶಕ್ತಿಯ ಲೆಕ್ಕ ಈ ವಾದಕ್ಕೆ ಪುಷ್ಟಿ ಕೊಡುವುದಿಲ್ಲ. ಪಿರಮಿಡ್ಡಿನ ತುದಿಯಲ್ಲಿರುವ ಜೀವಿಗೆ ದಕ್ಕುವ ಶಕ್ತಿ ಅತ್ಯಲ್ಪ; ತಳ ಕುಸಿದರೆ ಮೊದಲು ಅಳಿಯುವುದು ತುದಿಯೇ. ಪಂಚತಂತ್ರದ ಮೂಲಕವೂ ಬಾಯ್ಮಾತಿನ ಮೂಲಕವೂ ಕನ್ನಡದಲ್ಲಿ ನೆಲೆಗೊಂಡಿರುವ ಕೊಕ್ಕರೆ ಮತ್ತು ಏಡಿಯ ಕಥೆಯನ್ನು ಈ ನೆಲೆಯಿಂದ ಓದಬಹುದು. ಕೆರೆ ಬತ್ತುವುದೆಂದು ನಂಬಿಸಿ ಮೀನುಗಳನ್ನೆಲ್ಲ ತಿಂದು ಮುಗಿಸಿದ ಕೊಕ್ಕರೆ ಏಡಿಯ ಕೊಂಡಿಗೆ ಸಿಕ್ಕಿ ಸಾಯುತ್ತದೆ. ಏಡಿ ಇಲ್ಲದಿದ್ದರೂ, ಮೀನು ತೀರಿದ ಕೆರೆಯಲ್ಲಿ ಕೊಕ್ಕರೆಗೆ ಬೇರೆ ಗತಿಯಿರಲಿಲ್ಲ.

ಕೆರೆಯೂರಿನ ವ್ಯವಸ್ಥೆ

ಬೆಂಗಳೂರು ಸೀಮೆಯಲ್ಲಿ ವರ್ಷವಿಡೀ ಹರಿಯುವ ದೊಡ್ಡ ನದಿಯಿಲ್ಲ. ಇಳಿಜಾರಿನುದ್ದಕ್ಕೂ ಒಂದರ ಕೆಳಗೊಂದು ಕಟ್ಟಿದ ಕೆರೆಗಳೇ ಇಲ್ಲಿಯ ಬದುಕಿಗೆ ಆಧಾರವಾಗಿದ್ದವು. ಅಗರದ ಒಂಬತ್ತನೆಯ ಶತಮಾನದ ಗಂಗರ ಕಾಲದ ಶಾಸನ ಕೆರೆ ಮತ್ತು ತೂಬುಗಳ ನಿರ್ಮಾಣವನ್ನು ದಾಖಲಿಸಿರುವುದು ಈ ಪರಂಪರೆಯ ಪ್ರಾಚೀನತೆಗೆ ಸಾಕ್ಷಿ. ಕೋರಮಂಗಲ ಮತ್ತು ಚಲ್ಲಘಟ್ಟ ಕಣಿವೆಗಳ ನೀರು ಸುಮಾರು 900 ಎಕರೆ ವಿಸ್ತಾರದ ಬೆಳ್ಳಂದೂರು ಕೆರೆಗೆ, ಅಲ್ಲಿಂದ ಸುಮಾರು 440 ಎಕರೆಯ ವರ್ತೂರು ಕೆರೆಗೆ ಇಳಿದು, ಕೊನೆಗೆ ದಕ್ಷಿಣ ಪಿನಾಕಿನಿಯನ್ನು ಸೇರುತ್ತದೆ.

ಕೆರೆಯ ಕೆಳಗೆ ಗದ್ದೆ, ಮೇಲೆ ರಾಗಿಯ ಹೊಲ. ರಾಗಿಯು ಬಿಸಿಲನ್ನೂ ಮಿತವಾದ ನೀರನ್ನೂ ದಕ್ಷವಾಗಿ ಬಳಸಿಕೊಳ್ಳುವ ಸಿ4 ವರ್ಗದ ಸಸ್ಯ. ನೂರು ಗ್ರಾಂ ರಾಗಿಯಲ್ಲಿ ಸುಮಾರು 320 ಕಿಲೋ ಕ್ಯಾಲೊರಿ ಶಕ್ತಿ ಅಡಗಿದೆ. ಆದರೆ ಪೈರು ಕಟ್ಟಿಕೊಂಡ ಶಕ್ತಿಯ ದೊಡ್ಡ ಪಾಲು ಕಾಳಿನಲ್ಲಿರದೆ ಹುಲ್ಲಿನಲ್ಲಿರುತ್ತದೆ. ಮನುಷ್ಯ ಹುಲ್ಲನ್ನು ಜೀರ್ಣಿಸಿಕೊಳ್ಳಲಾರ. ಎತ್ತಿನ ಹೊಟ್ಟೆಯ ಸೂಕ್ಷ್ಮಜೀವಿಗಳು ಆ ಕೆಲಸ ಮಾಡುತ್ತವೆ. ಹೀಗೆ ಮನುಷ್ಯನಿಗೆ ನೇರವಾಗಿ ದಕ್ಕದ ಬಿಸಿಲು ಎತ್ತಿನ ಮೂಲಕ ಉಳುಮೆಯಾಗಿ, ಕಪಿಲೆಯ ನೀರಾಗಿ, ಗಾಡಿಯ ಓಟವಾಗಿ ದಕ್ಕುತ್ತಿತ್ತು. ಸಗಣಿ ತಿಪ್ಪೆ ಸೇರಿ ದ್ರವ್ಯ ಹೊಲಕ್ಕೆ ಮರಳುತ್ತಿತ್ತು. ಬೆರಣಿಯಾದರೆ ಅದರ ಶಕ್ತಿ ಒಲೆಯಲ್ಲಿ ಉರಿದು, ಬೂದಿಯಷ್ಟೇ ಮರಳುತ್ತಿತ್ತು. ಕರ್ನಾಟಕದ ಅನೇಕ ಕಡೆ ದೀಪಾವಳಿಯಲ್ಲಿ ತಿಪ್ಪೆಗೂ ದೀಪವಿಡುವ ವಾಡಿಕೆಯಿದೆ. ತಿಪ್ಪೆಯು ಊರಿನ ಉಚ್ಛಿಷ್ಟಕ್ಕೂ ಮುಂದಿನ ಬೆಳೆಗೂ ನಡುವಣ ಕೊಂಡಿಯೆಂಬ ತಿಳಿವು ಈ ಆಚರಣೆಯ ಹಿಂದಿರುವಂತೆ ತೋರುತ್ತದೆ.

ರಾಗಿಯ ನಡುವೆ ಅವರೆ, ತೊಗರಿ, ಹುಚ್ಚೆಳ್ಳು ಬಿತ್ತುವ ಅಕ್ಕಡಿ ಸಾಲಿನ ಪದ್ಧತಿ ಕೀಟಗಳಿಗೆ, ಕೀಟಗಳನ್ನು ತಿನ್ನುವ ಹಕ್ಕಿಗಳಿಗೆ ಎಡೆ ಕೊಡುತ್ತಿತ್ತು. ಕಣದಲ್ಲಿ ರಾಶಿಪೂಜೆಯಾದ ಮೇಲೆ ಆಯಗಾರರಿಗೆ ಪಾಲು ಅಳೆಯುತ್ತಿದ್ದರು. ಕೆರೆಯ ತೂಬು ಕಾಯುವ ನೀರುಗಂಟಿಗೂ ಅದರಲ್ಲಿ ಪಾಲಿತ್ತು. ಕೊಯ್ಲಾದ ಹೊಲದಲ್ಲಿ ಬಡವರು ಹಕ್ಕಲು ಆಯುತ್ತಿದ್ದರು. ಬಳಿಕ ದನಕುರಿ, ಅನಂತರ ಗುಬ್ಬಿ, ಇಲಿ. ಇಲಿಯ ಹಿಂದೆಯೇ ಕೇರೆ ಹಾವು, ಗೂಬೆ. ಬೇಸಿಗೆಯಲ್ಲಿ ನೀರಿಳಿದ ಕೆರೆಯಂಗಳ ದನಗಳಿಗೆ ಮೇವಾಗುತ್ತಿತ್ತು. ಅಲ್ಲಿಯ ಗೋಡುಮಣ್ಣು ಗಾಡಿಗಳಲ್ಲಿ ಹೊಲ ಸೇರುತ್ತಿತ್ತು. ಹೂಳು ತೆಗೆಯುವುದೆಂದರೆ ಕೆರೆಯ ಆಳವನ್ನು ಉಳಿಸಿಕೊಳ್ಳುವುದಷ್ಟೇ ಆಗಿರದೆ, ತಳದಲ್ಲಿ ಶೇಖರವಾದ ಜೈವಿಕ ವಸ್ತುವನ್ನು ಮತ್ತೊಂದು ಜೀವಜಾಲಕ್ಕೆ ಒಪ್ಪಿಸುವುದೂ ಆಗಿತ್ತು.

ಈ ವ್ಯವಸ್ಥೆಯನ್ನು ಆದರ್ಶವೆಂದು ಬಣ್ಣಿಸಬೇಕಾದ ಅಗತ್ಯವಿಲ್ಲ. ಯಾರ ಪಾಲು ಎಷ್ಟು, ಯಾರು ಹಕ್ಕಲು ಆಯಬೇಕಾದವರು, ಯಾರು ಕೆಸರು ಹೊರಬೇಕಾದವರು ಎಂಬುದನ್ನು ಬಹುಮಟ್ಟಿಗೆ ಹುಟ್ಟೇ ನಿರ್ಧರಿಸುತ್ತಿತ್ತು. ಆದರೆ ಶಕ್ತಿಯ ದೃಷ್ಟಿಯಿಂದ ಅದಕ್ಕೊಂದು ಲಕ್ಷಣವಿತ್ತು: ಆ ವರ್ಷ ಬಿದ್ದ ಬಿಸಿಲು ಶಾಖವಾಗಿ ಕಳೆದುಹೋಗುವ ಮುನ್ನ ಸಾಧ್ಯವಾದಷ್ಟು ಹೆಚ್ಚು ಬಾಯಿಗಳನ್ನು ಹಾದುಹೋಗುತ್ತಿತ್ತು. ಕೆರೆ ತುಂಬಿ ಕೋಡಿ ಬಿದ್ದಾಗ ಗಂಗಮ್ಮನಿಗೆ ಬಾಗಿನ ಅರ್ಪಿಸುವ ಆಚರಣೆ ನೀರಿಗೆ ಸಂದ ಕೃತಜ್ಞತೆಯಂತೆಯೇ, ಮುಂದಿನ ಒಂದು ವರ್ಷದ ಅನ್ನದ ಭರವಸೆಯ ಸಂಭ್ರಮವೂ ಹೌದು.

ಬೇರೆ ಊರಿನ ಬಿಸಿಲು

ಕಿಯೋನಿಕ್ಸ್ ಸಂಸ್ಥೆ 1978ರಲ್ಲಿ ಕೋನಪ್ಪನ ಅಗ್ರಹಾರ, ದೊಡ್ಡತೋಗೂರು ಗ್ರಾಮಗಳ ನೆಲದಲ್ಲಿ ಎಲೆಕ್ಟ್ರಾನಿಕ್ ಸಿಟಿಗೆ ಅಡಿಪಾಯ ಹಾಕಿತು. 1882ರಲ್ಲಿ ಯುರೇಷಿಯನ್ ಮತ್ತು ಆಂಗ್ಲೋ ಇಂಡಿಯನ್ ಕುಟುಂಬಗಳ ಕೃಷಿ ನೆಲೆಯಾಗಿ ರೂಪುಗೊಂಡ ವೈಟ್‌ಫೀಲ್ಡ್ 1990ರ ದಶಕದಿಂದ ಮಾಹಿತಿ ತಂತ್ರಜ್ಞಾನದ ಕೇಂದ್ರವಾಗಿ ಬೆಳೆಯಿತು. ರಾಗಿಯ ಹೊಲ, ಗದ್ದೆಗಳು ಕಟ್ಟಡಗಳಾದವು. ಸ್ಥಳೀಯ ಬಿಸಿಲನ್ನು ಹಿಡಿಯುವ ಹಸಿರು ಕುಗ್ಗಿತು, ಉಣ್ಣುವ ಜನ ಹೆಚ್ಚಿದರು.

ಈ ಜನ ಉಣ್ಣುವ ಅಕ್ಕಿ ತುಂಗಭದ್ರೆಯ ಅಚ್ಚುಕಟ್ಟಿನದಿರಬಹುದು, ಗೋಧಿ ಉತ್ತರ ಭಾರತದ್ದಿರಬಹುದು. ಬೇರೆ ಬೇರೆ ನಾಡುಗಳ ಹೊಲಗಳ ಮೇಲೆ ಬಿದ್ದ ಬಿಸಿಲು ಅನ್ನವಾಗಿ, ರೊಟ್ಟಿಯಾಗಿ, ಎಣ್ಣೆಯಾಗಿ ಬೆಂಗಳೂರಿಗೆ ಬರುತ್ತದೆ. ಅದರಲ್ಲಿ ಜೀರ್ಣವಾಗದೆ ಉಳಿದದ್ದು, ಪಾತ್ರೆ ತೊಳೆದ ನೀರು, ಸಾಬೂನು ಎಲ್ಲವೂ ರಾಜಕಾಲುವೆಗಳ ಮೂಲಕ ಕೆರೆ ಸೇರಿದವು. ನಗರದ ಕೊಳಚೆಯ ಸುಮಾರು ಶೇ. 40ರಷ್ಟು ಬೆಳ್ಳಂದೂರಿನತ್ತ ಹರಿಯುತ್ತಿತ್ತೆಂದು ಅಂದಾಜಿಸಲಾಗಿತ್ತು. ತನ್ನ ಮೇಲೆ ಬಿದ್ದ ಬಿಸಿಲಿನಿಂದ ಬದುಕುತ್ತಿದ್ದ ಕೆರೆ ಹೀಗೆ ಹೊರಗಿನಿಂದ ಬಂದ ಸಾವಯವ ವಸ್ತುವಿನ ಮೇಲೆ ನಡೆಯುವ ಕೆರೆಯಾಯಿತು.

ಹೆಚ್ಚು ಆಹಾರ ಬಂದರೆ ಹೆಚ್ಚು ಜೀವಿಗಳು ಬದುಕಬೇಕಲ್ಲವೇ ಎಂಬ ಪ್ರಶ್ನೆ ಏಳಬಹುದು. ಕೊಳಚೆಯನ್ನು ತಿನ್ನುವ ಬ್ಯಾಕ್ಟೀರಿಯಗಳು ನೀರಿನ ಆಮ್ಲಜನಕವನ್ನು ಬಳಸಿಕೊಳ್ಳುತ್ತವೆ. ಕೊಳಚೆ ಮಿತಿಮೀರಿದರೆ ಆಮ್ಲಜನಕ ಮುಗಿದು ಮೀನು, ಹುಳು, ಸೂಕ್ಷ್ಮಪ್ರಾಣಿಗಳು ಸಾಯುತ್ತವೆ. 2016ರ ಮಾರ್ಚ್‌ನಲ್ಲಿ ಹಲಸೂರು ಕೆರೆಯಲ್ಲಿ ಸಾವಿರಾರು ಮೀನುಗಳು ಸತ್ತು ತೇಲಿದವು. ಆಮ್ಲಜನಕ ಕುಸಿದಾಗ ಕೆರೆಗಳಲ್ಲಿ ಒದಗುವ ದುರಂತ ಇಂತಹುದು. ಕೊಳಚೆಯ ಸಾರಜನಕ, ರಂಜಕಗಳನ್ನುಂಡು ವಾಟರ್ ಹಯಸಿಂತ್ ಎಂಬ ದಕ್ಷಿಣ ಅಮೆರಿಕ ಮೂಲದ ಕಳೆ ನೀರಿನ ಮೇಲೆ ಹಾಸಿಕೊಳ್ಳುತ್ತದೆ. ಅದು ಬಿಸಿಲನ್ನು ಹೇರಳವಾಗಿ ಹಿಡಿಯುತ್ತದೆ, ಆದರೆ ಇಲ್ಲಿ ಅದನ್ನು ಆ ಪ್ರಮಾಣದಲ್ಲಿ ತಿನ್ನುವ ಜೀವಿಯಿಲ್ಲ. ಅದರ ನೆರಳಿನಲ್ಲಿ ಪಾಚಿಗೆ ಬೆಳಕಿಲ್ಲ. ಸತ್ತು ತಳ ಸೇರಿದಾಗ ಅದೂ ಆಮ್ಲಜನಕವನ್ನು ಕಬಳಿಸುತ್ತದೆ. ಶಕ್ತಿ ಕೆರೆಗೆ ಯಥೇಚ್ಛವಾಗಿ ಬರುತ್ತಿತ್ತು, ಅದನ್ನು ಹಂತಹಂತವಾಗಿ ದಾಟಿಸುವ ಕೊಂಡಿಗಳು ಕಳಚಿದ್ದವು.

ಆಮ್ಲಜನಕವಿಲ್ಲದ ಕೆಸರಿನಲ್ಲಿ ಬೇರೊಂದು ವರ್ಗದ ಸೂಕ್ಷ್ಮಜೀವಿಗಳು ಕೆಲಸ ಮಾಡುತ್ತವೆ. ಅವು ಆಹಾರದ ಶಕ್ತಿಯನ್ನು ಪೂರ್ಣವಾಗಿ ಬಳಸಿಕೊಳ್ಳಲಾರವು; ದೊಡ್ಡ ಪಾಲು ಮೀಥೇನ್ ಅನಿಲದಲ್ಲಿ ಉಳಿದುಬಿಡುತ್ತದೆ. ಗೋಬರ್ ಅನಿಲ ಸ್ಥಾವರದಲ್ಲಿ ನಡೆಯುವುದೂ ಇದೇ ಕ್ರಿಯೆ.

ಕೆರೆಗೆ ಬಿದ್ದ ಬೆಂಕಿ

2015ರ ಮೇ ತಿಂಗಳಲ್ಲಿ ಬೆಳ್ಳಂದೂರು ಕೆರೆಯ ನೊರೆಗೆ ಬೆಂಕಿ ಹತ್ತಿದ ಸುದ್ದಿ ಎಲ್ಲೆಡೆ ಹಬ್ಬಿತು. 2017ರ ಫೆಬ್ರುವರಿ ಹಾಗೂ 2018ರ ಜನವರಿಯಲ್ಲಿ ಮತ್ತೆ ಬೆಂಕಿ ಕಾಣಿಸಿಕೊಂಡಿತು. 2018ರಲ್ಲಿ ಅದನ್ನು ಆರಿಸಲು ಸೇನೆಯ ಸಿಬ್ಬಂದಿಯೂ ಇಳಿಯಬೇಕಾಯಿತು. ಒಣಹುಲ್ಲು ಮತ್ತು ಕಳೆ, ರಾಶಿಬಿದ್ದ ಕಸ, ತೈಲದ ಅಂಶಗಳು, ಮೀಥೇನ್ ಎಂದು ಕಾರಣಗಳ ಬಗೆಗೆ ಭಿನ್ನಾಭಿಪ್ರಾಯಗಳು ವ್ಯಕ್ತವಾದವು. ಯಾವ ವಿವರಣೆಯನ್ನು ಒಪ್ಪಿದರೂ ಉರಿದದ್ದು ಕೆರೆಯಲ್ಲಿ ಮತ್ತು ಅದರ ಅಂಚಿನಲ್ಲಿ ಶೇಖರವಾಗಿದ್ದ ಶಕ್ತಿಯೇ.

ಉಸಿರಾಟ ಮತ್ತು ದಹನ ರಸಾಯನಶಾಸ್ತ್ರದ ದೃಷ್ಟಿಯಿಂದ ಸಮೀಪದ ಕ್ರಿಯೆಗಳು. ಎರಡರಲ್ಲಿಯೂ ಸಾವಯವ ವಸ್ತು ಆಮ್ಲಜನಕದೊಡನೆ ಸೇರಿ ಶಾಖ ಹೊರಬೀಳುತ್ತದೆ. ಜೀವಿಗಳ ಮೂಲಕ ಸಾಗುವಾಗ ಈ ಬಿಡುಗಡೆ ನಿಧಾನವಾಗಿ, ಸಾವಿರಾರು ಮೈಗಳಲ್ಲಿ ಹಂಚಿಕೊಂಡು ನಡೆಯುತ್ತದೆ; ಮೀನು ಈಜುತ್ತದೆ, ಹಕ್ಕಿ ಹಾರುತ್ತದೆ, ಎತ್ತು ಉಳುತ್ತದೆ. ಬೆಂಕಿಯಲ್ಲಿ ಅದೇ ಶಕ್ತಿ ಯಾವ ಜೀವಿಗೂ ದಕ್ಕದೆ ಒಮ್ಮೆಗೇ ಹೊರಬೀಳುತ್ತದೆ. ದನದ ಮೇವಾಗಬಹುದಾಗಿದ್ದ ಹುಲ್ಲು ಹೀಗೆ ಹೊಗೆಯಾಯಿತು.

ಶಕ್ತಿ ಕುಗ್ಗುವಲ್ಲಿ ವಿಷ ಹೆಚ್ಚುವುದು

ಸರಪಣಿಯ ಪ್ರತಿ ಹಂತದಲ್ಲಿ ಶಕ್ತಿ ಕುಗ್ಗುತ್ತದೆಂಬ ನಿಯಮಕ್ಕೆ ಇನ್ನೊಂದು ಮುಖವಿದೆ. ಪಾದರಸ, ಡಿಡಿಟಿಯಂತಹ ವಸ್ತುಗಳು ದೇಹದಿಂದ ಸುಲಭವಾಗಿ ಹೊರಹೋಗುವುದಿಲ್ಲ. ಒಂದು ಮೀನು ತನ್ನ ಜೀವಮಾನದಲ್ಲಿ ತಿಂದ ಅಸಂಖ್ಯ ಸೂಕ್ಷ್ಮಪ್ರಾಣಿಗಳ ಶಕ್ತಿ ಶಾಖವಾಗಿ ಹೋದರೂ ಅವುಗಳ ವಿಷ ಅದರ ಮೈಯಲ್ಲಿ ಉಳಿಯುತ್ತದೆ. ತುದಿಯಲ್ಲಿರುವ ಹದ್ದಿಗೆ, ಮನುಷ್ಯನಿಗೆ ಅತಿ ಕಡಿಮೆ ಶಕ್ತಿಯ ಜೊತೆಗೆ ಅತಿ ಸಾಂದ್ರವಾದ ವಿಷ ದೊರೆಯುತ್ತದೆ.

ಎಲ್ಲ ಲೋಹಗಳೂ ಹೀಗೆ ಹಂತಹಂತವಾಗಿ ಸಾಂದ್ರಗೊಳ್ಳುವುದಿಲ್ಲವಾದರೂ, ನೀರು ಮಣ್ಣುಗಳ ಮೂಲಕ ಅವು ಬೆಳೆಗೆ, ಮೇವಿಗೆ ದಾಟುತ್ತವೆ. ಪೀಣ್ಯ ಕೈಗಾರಿಕಾ ಪ್ರದೇಶದಲ್ಲಿ ಲೋಹಲೇಪನ ಘಟಕಗಳು ಹಲವಿವೆ. ಅಲ್ಲಿಯ ಅಂತರ್ಜಲದಲ್ಲಿ ಕ್ರೋಮಿಯಂ ಸೇರಿರುವುದು ದಾಖಲಾಗಿದೆ. ಆ ಭಾಗದ ತ್ಯಾಜ್ಯವನ್ನೂ ನಗರದ ಕೊಳಚೆಯನ್ನೂ ಹೊತ್ತ ವೃಷಭಾವತಿ ಬಿಡದಿ ಸಮೀಪದ ಬೈರಮಂಗಲ ಜಲಾಶಯ ಸೇರುತ್ತದೆ. ಆ ನೀರಿನಿಂದ ಬೇಸಾಯ ನಡೆದಿದೆ. ವರ್ತೂರಿನ ಸುತ್ತಲೂ ಕೊಳಚೆ ಬೆರೆತ ನೀರಿನಲ್ಲಿ ಮೇವಿನ ಹುಲ್ಲು ಬೆಳೆದು ಹಸುಗಳಿಗೆ ಹಾಕುವ ರೂಢಿ ಬಂದಿತ್ತು. ಹುಲ್ಲು, ಹಸು, ಹಾಲು, ಮಗು ಎಂಬ ಈ ಸರಪಣಿ ರಾಗಿಹುಲ್ಲಿನ ಹಳೆಯ ಸರಪಣಿಯಂತೆಯೇ ಕಾಣುತ್ತದೆ. ಅದರಲ್ಲಿ ಹರಿಯುವುದು ಮಾತ್ರ ಅನ್ನದ ಶಕ್ತಿಯೊಂದೇ ಅಲ್ಲ.

ಪುನಶ್ಚೇತನದ ಅಳತೆಗೋಲು

ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2018ರ ಡಿಸೆಂಬರ್‌ನಲ್ಲಿ ಬೆಳ್ಳಂದೂರು ಕೆರೆಯ ಪ್ರಕರಣದಲ್ಲಿ ದಂಡ ವಿಧಿಸಿತು. ಆ ಬಳಿಕ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ ಬೆಳ್ಳಂದೂರು, ವರ್ತೂರು ಕೆರೆಗಳ ನೀರು ಹೊರಹಾಕಿ ಹೂಳು ತೆಗೆಯುವ ಕಾರ್ಯವನ್ನು ಕೈಗೊಂಡಿತು. ಇದೇ ಕಣಿವೆಯ ಸಂಸ್ಕರಿತ ನೀರನ್ನು ಕೋಲಾರ ಜಿಲ್ಲೆಯ ಕೆರೆಗಳಿಗೆ ಹರಿಸುವ ಯೋಜನೆ 2018ರಲ್ಲಿ ಆರಂಭವಾಯಿತು. ನೊರೆ ಕಾಣಿಸಿಕೊಂಡು ಅದೇ ವರ್ಷ ಅದು ಕೆಲಕಾಲ ನಿಂತಿತು. ಸಂಸ್ಕರಣೆಯ ಹಂತ ಎಷ್ಟು ನಿರ್ಣಾಯಕವೆಂಬುದು ಇದರಿಂದ ವ್ಯಕ್ತವಾಯಿತು.

ನಗರದ ಉತ್ತರದಂಚಿನ ಜಕ್ಕೂರು ಕೆರೆಯಲ್ಲಿ ಬೇರೊಂದು ಮಾದರಿ ಇದೆ. ಆರಂಭದಲ್ಲಿ ದಿನಕ್ಕೆ 1 ಕೋಟಿ ಲೀಟರ್ ಸಾಮರ್ಥ್ಯವಿದ್ದ ಸಂಸ್ಕರಣಾ ಘಟಕದಿಂದ ಹೊರಬಂದ ನೀರು ಜೊಂಡು ಬೆಳೆದ ಜೌಗು ಪ್ರದೇಶವನ್ನು ಹಾದು ಕೆರೆ ಸೇರುತ್ತದೆ. ಜೊಂಡು, ಪಾಚಿ, ಬ್ಯಾಕ್ಟೀರಿಯಗಳು ಉಳಿದ ಸತ್ವವನ್ನು ಹೀರಿಕೊಳ್ಳುತ್ತವೆ; ಕೆರೆಯಲ್ಲಿ ಮೀನುಗಾರಿಕೆ ಸಾಧ್ಯವಾಗಿದೆ. ಸರ್ಜಾಪುರ ರಸ್ತೆಯ ಕೈಕೊಂಡ್ರಹಳ್ಳಿ ಕೆರೆಯನ್ನು ಸ್ಥಳೀಯ ನಿವಾಸಿಗಳೂ ಮಹಾನಗರ ಪಾಲಿಕೆಯೂ ಸೇರಿ ಪುನಶ್ಚೇತನಗೊಳಿಸಿದಾಗ ದನಗಾಹಿಗಳು ಅಲ್ಲಿಯ ಹುಲ್ಲು ಕೊಯ್ದುಕೊಳ್ಳಲು ಅವಕಾಶವಿತ್ತು. ಇವು ಸಣ್ಣ ಸಂಗತಿಗಳಲ್ಲ. ಹುಲ್ಲು ಕೊಯ್ಯುವವರು, ಮೀನು ಹಿಡಿಯುವವರು ಕೆರೆಯಿಂದ ಶಕ್ತಿಯನ್ನೂ ಅದರೊಡನೆ ಸಾರಜನಕ ರಂಜಕಗಳನ್ನೂ ಹೊರತೆಗೆಯುತ್ತಾರೆ. ಅವರನ್ನು ಬೇಲಿಯಾಚೆ ನಿಲ್ಲಿಸಿ, ಏರಿಯ ಮೇಲೆ ನಡಿಗೆಪಥ ನಿರ್ಮಿಸಿದರೆ ಕೆರೆ ನೋಡಲು ಅಂದವಾಗುತ್ತದೆ. ತಿನ್ನದೆ ಉಳಿದ ಹಸಿರು ಮತ್ತೆ ತಳದ ಕೆಸರಾಗುತ್ತದೆ.

ಆದುದರಿಂದ ಕೆರೆಯ ಪುನಶ್ಚೇತನವನ್ನು ನೀರಿನ ಆಳ ಮತ್ತು ಒತ್ತುವರಿ ತೆರವಿನ ಎಕರೆಗಳಿಂದ ಮಾತ್ರ ಅಳೆಯುವುದು ಸಾಲದು. ಒಳಬರುವ ಶಕ್ತಿ ಎಷ್ಟು, ಅದು ಹಾದುಹೋಗುವ ಹಂತಗಳೆಷ್ಟು, ಕೊನೆಗೆ ಯಾರ ಮೂಲಕ ಹೊರಹೋಗುತ್ತದೆ ಎಂಬುದೂ ಅಳತೆಗೋಲಾಗಬೇಕು. ಇಲ್ಲಿ ಜಾನಪದ ಸಂಶೋಧನೆಗೆ ನಿರ್ದಿಷ್ಟವಾದ ಕೆಲಸವಿದೆ. ವರ್ತೂರು, ಬೆಳ್ಳಂದೂರು, ಪೀಣ್ಯ, ಕೋನಪ್ಪನ ಅಗ್ರಹಾರಗಳಲ್ಲಿ ನೀರುಗಂಟಿ, ಮೀನುಗಾರ, ದನಗಾಹಿ ಮನೆತನಗಳ ಹಿರಿಯರು ಇನ್ನೂ ಇದ್ದಾರೆ. ಯಾವ ಮೀನು ಯಾವ ತಿಂಗಳು ಏರುತ್ತಿತ್ತು, ಯಾವ ಹುಲ್ಲನ್ನು ಯಾವ ದನ ಮೇಯುತ್ತಿತ್ತು, ಗೋಡನ್ನು ಯಾವ ಹೊಲಕ್ಕೆ ಹಾಕುತ್ತಿದ್ದರು ಎಂಬ ವಿವರಗಳು ಅವರ ನೆನಪಿನಲ್ಲಿವೆ. ಪ್ರತಿಯೊಂದು ಹೆಸರೂ ಆಹಾರ ಸರಪಣಿಯ ಒಂದು ಕೊಂಡಿಯನ್ನು ಗುರುತಿಸುತ್ತದೆ. ಕೆರೆಗೆ ಯಾವ ಮೀನು ಬಿಡಬೇಕು, ಅಂಚಿನಲ್ಲಿ ಯಾವ ಹುಲ್ಲು ಬೆಳೆಸಬೇಕು ಎಂದು ನಿರ್ಧರಿಸುವ ವಿಜ್ಞಾನಿಗಳಿಗೂ ಎಂಜಿನಿಯರುಗಳಿಗೂ ಈ ವಿವರಗಳು ಬೇಕಾಗುತ್ತವೆ. ಅವುಗಳ ಸಂಗ್ರಹ ಆ ತಲೆಮಾರು ಇರುವಾಗಲೇ ಆಗಬೇಕಾಗಿದೆ.